ಮನಾಲಿಯಿಂದ ಲೇಹ್‌ಗೆ ಸೈಕಲ್: ನಂದಿ ಹತ್ತಿದ ಕಾಲು ಸಾಕಾ?

ಓದುಗರ ಪ್ರಶ್ನೆ: ನಾವು ನಾಲ್ವರು ಗೆಳೆಯರು, ಬೆಂಗಳೂರಿನವರು. ಭಾನುವಾರ ನಂದಿ ಬೆಟ್ಟ ಹತ್ತಿ ಇಳಿಯುವ ಅಭ್ಯಾಸ ಇದೆ. ಜುಲೈನಲ್ಲಿ ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿಯಬೇಕು ಅಂತಿದ್ದೇವೆ. ಎಂಟು ದಿನ ರಜೆ ಸಿಗುತ್ತದೆ. ಆಗುತ್ತಾ?

ಕಾಲು ಸಾಕು. ರಜೆ ಸಾಲದು.

ಈ ದಾರಿಯ ಬಗ್ಗೆ ಕೇಳುವವರೆಲ್ಲ ಫಿಟ್‌ನೆಸ್ ಬಗ್ಗೆಯೇ ಕೇಳುತ್ತಾರೆ. ರೋಹ್ತಾಂಗ್ ಪಾಸ್ (ಬೆಟ್ಟಸಾಲು ದಾಟುವ ಜಾಗ) ಮೇಲಿಂದ ಹೋದರೆ ಸುಮಾರು 475 ಕಿ.ಮೀ. ದಿನಕ್ಕೆ ಅರವತ್ತು ತುಳಿದರೆ ಮುಗೀತು, ಅಲ್ವಾ? ಲೆಕ್ಕ ಅಷ್ಟು ಸುಲಭ ಇಲ್ಲ. ಇಲ್ಲಿ ನೋಡಬೇಕಾದ್ದು ದಿನಕ್ಕೆ ಎಷ್ಟು ದೂರ ತುಳಿದಿರಿ ಅಂತಲ್ಲ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅಂತ.

ನಂದಿಯ ತುದಿ 1,478 ಮೀಟರ್. ಮನಾಲಿ ಪೇಟೆಯೇ 2,000 ಮೀಟರ್ ದಾಟುತ್ತದೆ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಮೇಲಿನಿಂದಲೇ ನಿಮ್ಮ ಸವಾರಿ ಶುರು. ಮುಂದೆ ಒಂದೊಂದೇ ಪಾಸ್: ರೋಹ್ತಾಂಗ್ 3,978, ಬಾರಾಲಾಚಾ ಸುಮಾರು 4,900, ಲಾಚುಲುಂಗ್ 5,000ಕ್ಕಿಂತ ಜಾಸ್ತಿ, ಕೊನೆಗೆ ತಂಗ್ಲಾಂಗ್ ಲಾ ಸುಮಾರು 5,300 ಮೀಟರ್. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧದಷ್ಟೇ. ಪ್ರತಿ ಉಸಿರಿಗೂ ಅರ್ಧ ಆಮ್ಲಜನಕ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಎಷ್ಟು ತರಬೇತಿ ಮಾಡಿದರೂ ಆ ದಿನಗಳನ್ನು ಉಳಿಸಲಾಗದು.

ವೈದ್ಯರು ಹೇಳುವ ಸಾಮಾನ್ಯ ನಿಯಮ ಇದು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ತೊಂದರೆ ಬರುವುದು ದಾರಿಯಲ್ಲಿ ಸಿಗುವ ಜಿಸ್ಪಾ ಹಳ್ಳಿ ಬಿಟ್ಟ ಮೇಲೆ. ಜಿಸ್ಪಾ 3,200ರ ಆಸುಪಾಸು, ಮುಂದಿನ ತಂಗುವ ಜಾಗ ಝಿಂಗ್‌ಝಿಂಗ್‌ಬಾರ್ 4,200 ದಾಟುತ್ತದೆ. ಗಟ್ಟಿ ಸವಾರ ಇದನ್ನು ಒಂದೇ ದಿನದಲ್ಲಿ ತುಳಿದುಬಿಡುತ್ತಾನೆ, ರಾತ್ರಿ ತಲೆ ಹಿಡಿದುಕೊಂಡು ಕೂರುತ್ತಾನೆ. ನೀವು ಜಿಸ್ಪಾದಲ್ಲಿ ಒಂದು ದಿನ ಸುಮ್ನೆ ಇರಿ. ಮಾರನೇ ದಿನ ದೀಪಕ್ ತಾಲ್ ಕೆರೆಯ ಪಕ್ಕದ ಪತ್ಸಿಯೋದಲ್ಲೇ ಟೆಂಟ್ ಹಾಕಿ. ಮಧ್ಯಾಹ್ನಕ್ಕೇ ಸವಾರಿ ಮುಗಿದು ಬೇಜಾರಾಗಬಹುದು. ಆಗಲಿ.

ಇದೇ ಕಾರಣಕ್ಕೆ, ರೋಹ್ತಾಂಗ್ ತೆರೆದಿದ್ದರೆ ಅದರ ಅಡಿಯಲ್ಲಿ ಹಾದುಹೋಗುವ ಅಟಲ್ ಸುರಂಗದ ಕಡೆ ಹೋಗುವ ಯೋಚನೆಯೇ ಬೇಡ. 2020ರಲ್ಲಿ 9 ಕಿ.ಮೀ. ಸುರಂಗ ತೆರೆದ ಮೇಲೆ ಲೇಹ್ ಕಡೆಯ ವಾಹನಗಳು ಬಹುಪಾಲು ಅದರೊಳಗೇ ಹೋಗುತ್ತವೆ. ಸೈಕಲ್‌ನವರಿಗೆ ಇದರಿಂದ ಲಾಭವೇ ಆಯಿತು. ಮೇಲಾಗಿ ರೋಹ್ತಾಂಗ್ ಹತ್ತಿ ಆಚೆ ಲಾಹೌಲ್ ಕಣಿವೆಗೆ ಇಳಿದು ಮಲಗುವುದು ದೇಹಕ್ಕೆ ಸಿಗುವ ಒಳ್ಳೆಯ ಪಾಠ: ಹಗಲು ಎತ್ತರಕ್ಕೆ ಏರಿ, ರಾತ್ರಿ ಕೆಳಗೆ.

ಸರ್ಚು ಆದಮೇಲೆ ಗಾಟಾ ಲೂಪ್ಸ್. ಆಗುಂಬೆಗೆ 14 ತಿರುವು, ಇಲ್ಲಿ 21. ಹೆಸರು ಕೇಳಿ ಹೆದರುತ್ತಾರೆ, ಆದರೆ ಏರು ಹದವಾಗಿದೆ. ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ (ಗೇರ್ ಹಲ್ಲುಚಕ್ರಗಳ ಗೊಂಚಲು) ದೊಡ್ಡ ಹಲ್ಲುಚಕ್ರ ಇದ್ದರೆ ಮಾತಾಡಿಕೊಂಡೇ ಹತ್ತಬಹುದು. ನನ್ನ ಪ್ರಕಾರ ನಿಜವಾಗಿ ಸುಸ್ತು ಮಾಡುವುದು ಪಾಂಗ್ ಆಚೆಯ ಮೋರೆ ಬಯಲು. ಸಪಾಟು ರಸ್ತೆ, ಎದುರು ಗಾಳಿ, ಎಷ್ಟು ತುಳಿದರೂ ಮುಂದಿನ ಗುಡ್ಡ ಹತ್ತಿರ ಬರುವುದಿಲ್ಲ. ಮಧ್ಯಾಹ್ನವಾದಂತೆ ಗಾಳಿ ಜೋರಾಗುತ್ತದೆ. ಬಿಸಿಲಿಗೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ ಹಳ್ಳಗಳೂ ಆಗಲೇ ತುಂಬುತ್ತವೆ. ಬೆಳಕು ಹರಿಯುತ್ತಿದ್ದಂತೆ ಹೊರಟುಬಿಡಿ.

ಇನ್ನು ಗೆಳೆಯರ ವಿಷಯ. ಒಬ್ಬನೇ ಹೋದವನು ತಲೆನೋವು ಬಂದರೆ ನಿಲ್ಲುತ್ತಾನೆ. ಗುಂಪಿನಲ್ಲಿ ಇರುವವನು ಮುಚ್ಚಿಡುತ್ತಾನೆ, 'ನನ್ನಿಂದ ಎಲ್ಲರಿಗೂ ಲೇಟಾಯ್ತು' ಅನ್ನಿಸಿಕೊಳ್ಳಬಾರದಲ್ಲ! ಹಾಗಾಗಿ ಮನಾಲಿಯಲ್ಲೇ ಮಾತಾಡಿಕೊಳ್ಳಿ. ದಿನಾ ರಾತ್ರಿ ಊಟಕ್ಕೆ ಕೂತಾಗ ಪ್ರತಿಯೊಬ್ಬರೂ ಹೇಳಬೇಕು: ತಲೆನೋವು ಇದೆಯಾ, ವಾಂತಿ ಬಂದ ಹಾಗಿದೆಯಾ, ಊಟ ಸೇರುತ್ತಿದೆಯಾ. ತಲೆನೋವು ಇದ್ದವನು ಮಾರನೇ ದಿನ ಮೇಲೆ ಹೋಗುವುದಿಲ್ಲ. ಉಳಿದವರೂ ಅವನ ಜೊತೆಗೇ ನಿಲ್ಲಬೇಕು. ಯಾರಾದರೂ ನಡೆಯುವಾಗ ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಿಟ್ಟರೆ, ಬೆಳಗಾಗಲಿ ಅಂತ ಕಾಯಬೇಡಿ. ಸಿಕ್ಕಿದ ಗಾಡಿಯಲ್ಲಿ ಆಗಲೇ ಕೆಳಗಿಳಿಸಿ, ಒಬ್ಬರು ಜೊತೆಗೆ ಹೋಗಿ. ನಾಲ್ಕು ಜನ ಇರುವುದು ಇಲ್ಲಿ ಅನುಕೂಲ: ಇಬ್ಬರು ಇಳಿದರೂ ಮೇಲೆ ಯಾರೂ ಒಂಟಿಯಾಗುವುದಿಲ್ಲ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಅಲ್ಲಿ ಹೋಗಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದು ಬೇಡ.

ತಯಾರಿಗೆ ನಂದಿಯನ್ನೇ ಮತ್ತೆ ಮತ್ತೆ ಹತ್ತಿದರೆ ಜಾಸ್ತಿ ಉಪಯೋಗ ಇಲ್ಲ. ದಣಿದ ಕಾಲಲ್ಲಿ ಮಾರನೇ ದಿನವೂ ತುಳಿಯುವುದನ್ನು ಕಲಿಯಬೇಕು. ಉಜಿರೆಯಿಂದ ಸಾಮಾನು ಕಟ್ಟಿಕೊಂಡು ಚಾರ್ಮಾಡಿ ಹತ್ತಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ. ಮಾರನೇ ದಿನ ಚಿಕ್ಕಮಗಳೂರು, ಅದರ ಮಾರನೇ ದಿನ ಬಾಬಾಬುಡನ್‌ಗಿರಿ.

ರಸ್ತೆಯ ಮೇಲೆಯೇ ಹನ್ನೆರಡು ದಿನ ಇಟ್ಟುಕೊಳ್ಳಿ, ಬೆಂಗಳೂರಿನಿಂದ ಹೋಗಿ ಬರುವುದಕ್ಕೆ ಬೇರೆ. ಎಂಟೇ ದಿನ ಅಂದರೆ ಈ ಸಲ ಲೇಹ್ ಬಿಡಿ. ರೋಹ್ತಾಂಗ್ ದಾಟಿ, ಚಂದ್ರಾ ಮತ್ತು ಭಾಗಾ ನದಿಗಳು ಸೇರುವ ತಾಂಡಿಯವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿ. ನದಿಯ ಜೊತೆಗೇ ಇಳಿಯುವ ರಸ್ತೆ, ತ್ರಿಲೋಕನಾಥ ದೇವಸ್ಥಾನ, ಉದಯಪುರ. ಅಲ್ಲಿ ಮಲಗುವ ಜಾಗ 3,000 ಮೀಟರ್‌ಗಿಂತ ಕೆಳಗಿದೆ, ನಾಲ್ವರಿಗೂ ನಿದ್ದೆ ಬರುತ್ತದೆ.