ಮೂರು ಹಾಸಿಗೆ, ಏಳು ಮಂದಿ ನ್ಯಾಯಾಧೀಶರು

1960ರವರೆಗೆ ಎರಡೂ ಮೂತ್ರಪಿಂಡಗಳು ಪೂರ್ತಿ ಕೈಕೊಟ್ಟವರ ಪಾಲಿಗೆ ಡಯಾಲಿಸಿಸ್ ಇದ್ದೂ ಇಲ್ಲದಂತಿತ್ತು. ರಕ್ತವನ್ನು ಹೊರಗೆಳೆದು, ತೆಳುವಾದ ಪೊರೆಯ ಪಕ್ಕದಲ್ಲಿ ಹರಿಸಿ, ಯೂರಿಯಾವನ್ನೂ ಹೆಚ್ಚಾದ ಪೊಟ್ಯಾಸಿಯಂ ಅನ್ನೂ ಸೋಸಿ ಮರಳಿಸುವ ಯಂತ್ರವೇನೋ ಇತ್ತು. ತೊಡಕಿದ್ದದ್ದು ರಕ್ತನಾಳಗಳಲ್ಲಿ. ಪ್ರತಿ ಸಲವೂ ಹೊಸ ಜಾಗದಲ್ಲಿ ನಾಳ ಕೊಯ್ದು ನಳಿಕೆ ತೂರಿಸಬೇಕು. ಕೊಯ್ದ ನಾಳ ಮತ್ತೆ ಬಳಕೆಗೆ ಬಾರದು. ಕೆಲವು ಸಲ ಯಂತ್ರಕ್ಕೆ ಹಾಕುವಷ್ಟರಲ್ಲಿ ಕೈಕಾಲುಗಳ ನಾಳಗಳೇ ಮುಗಿದುಹೋಗುತ್ತಿದ್ದವು.

ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಆ ವರ್ಷದ ಮಾರ್ಚ್‌ನಲ್ಲಿ ರೋಗಿಯೊಬ್ಬನ ಮುಂದೋಳಿನ ಎರಡು ನಾಳಗಳಿಗೆ ಟೆಫ್ಲಾನ್ ಕೊಳವೆ ಸೇರಿಸಿ, ಚರ್ಮದ ಹೊರಗೆ ಕಾಯಂ ಕುಣಿಕೆಯಾಗಿ ಬಿಟ್ಟರು. ದೋಸೆ ಕಾವಲಿಗೆ ಹಿಟ್ಟು ಹಿಡಿಯದಂತೆ ಬಳಿಯುವ ಅದೇ ಟೆಫ್ಲಾನ್. ಅದರೊಳಗೆ ರಕ್ತವೂ ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಬೇಕಾದಾಗ ಕುಣಿಕೆ ಬಿಚ್ಚಿ ಯಂತ್ರಕ್ಕೆ ಜೋಡಿಸಿದರಾಯಿತು. ಆ ರೋಗಿ ಮುಂದೆ 11 ವರ್ಷ ಬದುಕಿದ.

ಪೇಚು ಶುರುವಾದದ್ದು ಇಲ್ಲಿಂದ. ಎಲ್ಲರೂ ಸಾಯುತ್ತಿದ್ದಾಗ ಯಾರನ್ನೂ ಆರಿಸಬೇಕಿರಲಿಲ್ಲ. 1962ರಲ್ಲಿ ಸಿಯಾಟಲ್‌ನ ಡಯಾಲಿಸಿಸ್ ಕೇಂದ್ರ ಬಾಗಿಲು ತೆರೆದಾಗ ಅದರಲ್ಲಿದ್ದದ್ದು ಮೂರೇ ಹಾಸಿಗೆ. ವೈದ್ಯರು ಮೊದಲು ಜರಡಿ ಹಿಡಿದರು: 45 ದಾಟಿದವರು ಬೇಡ, ಮಕ್ಕಳು ಬೇಡ. ಜರಡಿಯಲ್ಲಿ ಉಳಿದವರೂ ಹಾಸಿಗೆಗಳಿಗಿಂತ ಹೆಚ್ಚಾಗಿಯೇ ಇದ್ದರು. ಅವರಲ್ಲಿ ಆರಿಸಲೆಂದು ಊರಿನ ಏಳು ಮಂದಿಯ ಸಮಿತಿಯೊಂದು ರಚನೆಯಾಗಿತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಶಸ್ತ್ರವೈದ್ಯ. ಅವರ ಹೆಸರು ಗುಟ್ಟು. ರೋಗಿಗಳ ಹೆಸರು ಅವರಿಗೆ ಗುಟ್ಟು. ವಾಷಿಂಗ್ಟನ್ ರಾಜ್ಯದ ಹೊರಗಿನವರು ಬೇಡವೆಂದದ್ದು ಈ ಸಮಿತಿಯೇ.

ಈ ಏಳು ಮಂದಿ ಕೆಟ್ಟವರೇನಲ್ಲ. ಸಂಬಳವಿಲ್ಲದೆ, ಮನಸ್ಸು ಹಿಂಡಿಕೊಂಡು ಮಾಡಿದ ಕೆಲಸವದು. ಆದರೆ ಅವರ ಕೈಯಲ್ಲಿದ್ದ ಅಳತೆಗೋಲು ನೋಡಿ: ಮದುವೆಯಾಗಿದೆಯೇ, ಮಕ್ಕಳೆಷ್ಟು, ಆದಾಯವೆಷ್ಟು, ಓದೆಷ್ಟು, ಉದ್ಯೋಗವೇನು, ಚರ್ಚಿಗೆ ಹೋಗುತ್ತಾರೆಯೇ. ಗಂಡ ಸತ್ತರೆ ಮೂರು ಮಕ್ಕಳ ತಾಯಿಗೆ ಮರುಮದುವೆಯಾದೀತು, ಆರು ಮಕ್ಕಳ ತಾಯಿಗೆ ಕಷ್ಟ ಎಂಬ ಲೆಕ್ಕಾಚಾರವೂ ಅಲ್ಲಿ ನಡೆದಿತ್ತು. ಇದೆಲ್ಲ ಹೊರಗೆ ಬಂದದ್ದು ಅದೇ ವರ್ಷ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಬರೆದ ವರದಿಯಿಂದ. ನಾನು ಇದನ್ನು ಓದುವಾಗಲೆಲ್ಲ ನೆನೆಯುವುದು ಅಕ್ಕಮಹಾದೇವಿಯನ್ನು. ಗಂಡನನ್ನು ಬಿಟ್ಟವಳು, ಮಕ್ಕಳಿಲ್ಲ, ಆಸ್ತಿಯಿಲ್ಲ, ನೆಲೆಯಿಲ್ಲ, ಮೈಮೇಲೆ ಬಟ್ಟೆಯ ಹಂಗೂ ಇಲ್ಲ. ಆ ಸಮಿತಿಯ ಮುಂದೆ ಅವಳ ಅರ್ಜಿ ಬಂದಿದ್ದರೆ ಐದು ನಿಮಿಷವೂ ಹಿಡಿಯುತ್ತಿರಲಿಲ್ಲ. ಮಧ್ಯಮವರ್ಗದ ಸಜ್ಜನರು ಕೂತು ‘ಯೋಗ್ಯರು ಯಾರು’ ಎಂದು ಕೇಳಿಕೊಂಡರೆ, ಉತ್ತರವಾಗಿ ಕಾಣುವುದು ಅವರಂಥವರೇ.

ಕೇಂದ್ರದ ಹೊರಗೇ ಉಳಿದವರದ್ದೂ ಒಂದು ಕಥೆಯಿದೆ. ವಯಸ್ಸು ಸಾಲದೆಂದು ಹದಿಹರೆಯದ ಹುಡುಗಿಯೊಬ್ಬಳಿಗೆ ಕೇಂದ್ರದಲ್ಲಿ ಜಾಗ ಸಿಗಲಿಲ್ಲ. ಆಕೆಯ ತಂದೆಗೆ ಆಲ್ಬರ್ಟ್ ಬ್ಯಾಬ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರ ಪರಿಚಯವಿತ್ತು. ಬ್ಯಾಬ್ ಅವರ ತಂಡ 1964ರಲ್ಲಿ ಕೆಲವೇ ತಿಂಗಳಲ್ಲಿ ಮನೆಯಲ್ಲಿಟ್ಟು ನಡೆಸಬಹುದಾದ ಯಂತ್ರವನ್ನೇ ಕಟ್ಟಿಕೊಟ್ಟಿತು. ಮನೆಯಲ್ಲೇ ಡಯಾಲಿಸಿಸ್ ಎಂಬ ದಾರಿ ಸಾವಿರಾರು ಜನರಿಗೆ ತೆರೆದುಕೊಂಡದ್ದರ ಹಿಂದೆ ಹೀಗೊಂದು ವಶೀಲಿಯೂ ಇತ್ತು. 1972ರಲ್ಲಿ ಅಮೆರಿಕದ ಸಂಸತ್ತು ಹೆಚ್ಚುಕಡಿಮೆ ಎಲ್ಲ ಮೂತ್ರಪಿಂಡ ರೋಗಿಗಳ ಡಯಾಲಿಸಿಸ್ ವೆಚ್ಚವನ್ನು ಸರ್ಕಾರಕ್ಕೆ ವಹಿಸಿತು. ಕೊರತೆಯಿದ್ದದ್ದು ಹಣದ್ದು, ಹಣ ಬಂದೊಡನೆ ಇಂಥ ಸಮಿತಿಗಳಿಗೆ ಕೆಲಸವಿಲ್ಲದಾಯಿತು.

ದಾನವಾಗಿ ಬರುವ ಯಕೃತ್ತಿನ ಕೊರತೆ ಕಾನೂನಿನಿಂದ ನೀಗುವಂಥದ್ದಲ್ಲ. ಅಲ್ಲಿ ಅಮೆರಿಕ 2002ರಿಂದ ಬೇರೆ ಹಾದಿ ಹಿಡಿಯಿತು. ‘ಯಾರು ಯೋಗ್ಯರು’ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ‘ಯಾರು ಬೇಗ ಸಾಯುತ್ತಾರೆ’ ಎಂದು ಕೇಳಿತು. ಯಕೃತ್ತು ಸೋತಾಗ ರಕ್ತದಲ್ಲಿ ಏರುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ವೇಗ, ಮೂತ್ರಪಿಂಡ ಕೆಟ್ಟಷ್ಟೂ ಏರುವ ಕ್ರಿಯಾಟಿನಿನ್ ಎಂಬ ಮೂರು ರಕ್ತಪರೀಕ್ಷೆಗಳಿಂದ ಆಗ 6ರಿಂದ 40ರವರೆಗಿನ ಒಂದು ಅಂಕ ಕೊಡುತ್ತಿದ್ದರು. ‘ಮೆಲ್ಡ್’ ಎಂಬ ಈ ಸೂತ್ರ ಹುಟ್ಟಿದ್ದು ಬೇರೆಯೇ ಚಿಕಿತ್ಸೆಯೊಂದರ ಅಪಾಯ ಅಳೆಯಲು. ಹೆಚ್ಚು ಅಂಕದವರಿಗೆ ಮೊದಲ ಸರದಿ. ಇದಕ್ಕೆ ಚರ್ಚೂ ಗೊತ್ತಿಲ್ಲ, ಜಾತಕವೂ ಗೊತ್ತಿಲ್ಲ.

ಹೆಣ್ಣು ಗಂಡೆಂಬುದೂ ಗೊತ್ತಿರಲಿಲ್ಲ, ತಪ್ಪಿದ್ದು ಅಲ್ಲೇ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ. ಹಾಗಾಗಿ ಮೂತ್ರಪಿಂಡ ಗಂಡಸಿನದರಷ್ಟೇ ಕೆಟ್ಟಿದ್ದರೂ ಹೆಂಗಸಿನ ಕ್ರಿಯಾಟಿನಿನ್ ಕೆಳಗೆ, ಅಂಕವೂ ಕೆಳಗೆ. ಅಂಗಕ್ಕಾಗಿ ಕಾಯುತ್ತಲೇ ಸಾಯುವವರಲ್ಲಿ ಅವರ ಪ್ರಮಾಣ ಹೆಚ್ಚಾಯಿತು. 2023ರಲ್ಲಿ ಸೂತ್ರವನ್ನು ತಿದ್ದಿ ಮಹಿಳೆಯರಿಗೆ 1.33 ಅಂಕ ಸೇರಿಸಲಾಯಿತು. ಇಪ್ಪತ್ತು ವರ್ಷ ತಡವಾಯಿತು, ನಿಜ. ಆದರೂ ನನಗೆ ಈ ಸೂತ್ರವೇ ವಾಸಿ ಎನ್ನಿಸುತ್ತದೆ. ಪಕ್ಷಪಾತ ದಶಾಂಶ ಬಿಂದುವಿನಾಚೆ ಅಡಗಿದ್ದರೂ ಹುಡುಕಿ ಹೊರಗೆಳೆಯಬಹುದು. ಮುಚ್ಚಿದ ಕೋಣೆಯಲ್ಲಿ ಪಾದ್ರಿಯ ಮನಸ್ಸಿನಲ್ಲಿದ್ದದ್ದನ್ನು ಯಾರು ತಿದ್ದಬೇಕು?

ಸೂತ್ರಕ್ಕೆ ಕಾಣುವುದು ಪಟ್ಟಿಯಲ್ಲಿ ಹೆಸರಿರುವವರು ಮಾತ್ರ. ಕರ್ನಾಟಕದಲ್ಲಿ ಮೆದುಳು ಸತ್ತವರಿಂದ ಬರುವ ಅಂಗಗಳ ಹಂಚಿಕೆ ನೋಡಿಕೊಳ್ಳುವುದು ‘ಜೀವಸಾರ್ಥಕತೆ’. ರೋಗಿಯ ಹೆಸರು ಅದರ ಪಟ್ಟಿ ಸೇರುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಯಮವೂ, 65 ವರ್ಷದ ಮಿತಿಯೂ, ನೋಂದಣಿ ಶುಲ್ಕವೂ ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಹೇಳಿತು. ಸಿಯಾಟಲ್‌ನ ಜರಡಿಯಲ್ಲೂ ವಯಸ್ಸು, ವಾಸದ ಊರು, ಹಣ ಇವೇ ಇದ್ದವು. ಅಲ್ಲಿ ವಾಲಾ ವಾಲಾ ಎಂಬ ದೂರದ ಊರಿನ ಗೃಹಿಣಿಯೊಬ್ಬಳ ಹೆಸರನ್ನು ಸಮಿತಿ ಕೈಬಿಟ್ಟದ್ದು ನಗರಕ್ಕೆ ಬಂದು ನೆಲೆಸಲು ಅವಳ ಮನೆಯವರಿಗೆ ಶಕ್ತಿಯಿಲ್ಲವೆಂದು. ತೆಗೆದ ಯಕೃತ್ತು ಮಂಜುಗಡ್ಡೆಯಲ್ಲಿ ತಾಳುವುದು ಕೆಲವೇ ಗಂಟೆ, ಅಷ್ಟರಲ್ಲಿ ರೋಗಿ ಆಸ್ಪತ್ರೆ ತಲುಪಿರಬೇಕು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್.