ಬರೆಯ ಹಾವಸೆ ಮಳೆ ಬಿಟ್ಟ ಮೇಲೆ ಕೆಂಪಾಗುವುದೇಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ತೋಟ. ಆಟಿ ತಿಂಗಳ ಮಳೆಯಲ್ಲಿ ಹಚ್ಚಗಿದ್ದ ಮುರಕಲ್ಲಿನ ಬರೆಯ (ಕಡಿದಾದ ದಿಬ್ಬದ ಬದಿಯ) ಹಾವಸೆ ಚಳಿಗಾಲಕ್ಕೆ ಅಂಚಿನಿಂದ ಕೆಂಪು-ನೇರಳೆಯಾಗುತ್ತದೆ. ಅದು ಸಾಯುತ್ತಿದೆಯೇ?

ಉತ್ತರ: ಇಲ್ಲ, ಬದುಕುವ ತಯಾರಿ ನಡೆಸಿದೆ. ಕಲ್ಲಿಗೆ ಅಂಟಿದ, ಕವಲೊಡೆದ ಚಪ್ಪಟೆ ಪಟ್ಟಿಯಂತಿದ್ದರೆ ಅದು ಲಿವರ್‌ವರ್ಟ್. ಈ ಪುಟ್ಟ ಸಸ್ಯಕ್ಕೆ ಬೇರಿಲ್ಲ, ನೀರು ಸಾಗಿಸುವ ನಾಳವಿಲ್ಲ. ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ಬಂದ ಮೊದಲ ಸಸ್ಯಗಳಿಗೂ ಇಂಥದೇ ಬಡತನ. ನೀರೊಳಗಿದ್ದಾಗ ಬಿಸಿಲನ್ನು ನೀರೇ ತಡೆಯುತ್ತಿತ್ತು. ನೆಲದಲ್ಲಿ ತಾವೇ ತಡೆಯಬೇಕಾಯಿತು.

ಬಣ್ಣ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಕೆಂಪು ಹರಿವೆಯಲ್ಲಿ, ಮಾವಿನ ಚಿಗುರಿನಲ್ಲಿ ಬಣ್ಣ ಜೀವಕೋಶದ ಒಳಗಿನ ರಸಚೀಲದಲ್ಲಿ ಕರಗಿರುತ್ತದೆ. ಲಿವರ್‌ವರ್ಟ್‌ನಲ್ಲಿ ಅದು ಕೋಶದ ಗೋಡೆಗೇ ಅಂಟಿಕೊಂಡಿದೆ. ಇದನ್ನು ಮಾವಿನ ಚಿಗುರಿನ ಕೆಂಪಿನಂತೆ ಆಂಥೋಸಯನಿನ್ ಎಂಬ ಬಣ್ಣಗಳ ಬಳಗದ್ದೆಂದೇ ಬಹುಕಾಲ ನಂಬಿದ್ದರು. ಬೇರೆಯೇ ಗುಂಪು ಎಂದು ಗೊತ್ತಾಗಿ ಆರೋನಿಡಿನ್ ಎಂಬ ಹೆಸರು ಸಿಕ್ಕಿದ್ದು 2019ರಲ್ಲಿ, ಮಾರ್ಕಾಂಶಿಯಾ ಎಂಬ ಲಿವರ್‌ವರ್ಟ್‌ನಿಂದ.

ಕೆಂಪು ಬಣ್ಣವೆಂದರೆ ಅತಿನೇರಳೆ ಕಿರಣಕ್ಕೆ ಕೊಡೆ ಎಂದು ಹೇಳಿಬಿಡುವವರಿದ್ದಾರೆ. ಅಷ್ಟು ಸರಳವಲ್ಲ. ಆ ಕೆಲಸ ಹೆಚ್ಚಾಗಿ ಕಣ್ಣಿಗೆ ಕಾಣದ ಫ್ಲೇವೋನ್ ಎಂಬ ರಾಸಾಯನಿಕಗಳದ್ದು. ಆರೋನಿಡಿನ್ ಹೆಚ್ಚುವುದು ಬಿಸಿಲು ಖಾರವಾದಾಗ, ಸಾರಜನಕ-ರಂಜಕ ಸಾಲದಾದಾಗ. ಗೊಬ್ಬರವಿಲ್ಲದ ಮುರಕಲ್ಲಿನ ಮೇಲೆ ಹೀರಿದ ಬೆಳಕನ್ನೆಲ್ಲ ಬೆಳವಣಿಗೆಗೆ ಬಳಸಲಾಗದು. ಉಳಿದದ್ದು ಕೋಶವನ್ನೇ ಸುಡುತ್ತದೆ. ಒಣಗುವಾಗ ಕೆಲವು ಜಾತಿಗಳ ಪಟ್ಟಿಯ ಅಂಚು ಮೇಲಕ್ಕೆ ಸುರುಳಿ ಸುತ್ತಿ, ತಳದ ನೇರಳೆ ಹುರುಪೆಗಳು ಹೊರಮುಖವಾಗುತ್ತವೆ. ಹಸಿರು ಒಳಗೆ ಮುಚ್ಚಿಹೋಗುತ್ತದೆ.

ಅಡಕೆಯವರಿಗೆ ಹಿಡಿಸುವ ಇನ್ನೊಂದು ಸಂಗತಿ: ನಮ್ಮ ಅಡಕೆಗೆ ಕೊಳೆರೋಗ ತರುವ ಫೈಟೋಫ್ತೋರಾ ಕುಲದ್ದೇ ಒಂದು ಜೀವಿ ಮಾರ್ಕಾಂಶಿಯಾಕ್ಕೆ ತಗುಲಿದಾಗಲೂ ಈ ಬಣ್ಣ ಹೆಚ್ಚುತ್ತದೆ. ಬಣ್ಣ ವಿಪರೀತ ತಯಾರಿಸುವಂತೆ ಮಾರ್ಪಡಿಸಿದ ಗಿಡಗಳಲ್ಲಿ ರೋಗ ಅಷ್ಟಾಗಿ ಹಬ್ಬಲಿಲ್ಲ. ನಾವು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಗೊನೆಗೆ ಮದ್ದು ಬಿಡುತ್ತೇವೆ. ಮಾರ್ಕಾಂಶಿಯಾದ ಮದ್ದು ಅದರ ಕೋಶದ ಗೋಡೆಯಲ್ಲೇ ಇದೆ.

ಮನೆಯಲ್ಲೇ ನೋಡಬೇಕೇ? ಒಂದು ಬಿಳಿ ಬಟ್ಟಲಿಗೆ ಕೆಂಪು ಹರಿವೆ ಎಲೆ, ಇನ್ನೊಂದಕ್ಕೆ ಕೆಂಪಾದ ಲಿವರ್‌ವರ್ಟ್ ತುಂಡು ಹಾಕಿ ಕುದಿನೀರು ಹೊಯ್ದು 10 ನಿಮಿಷ ಬಿಡಿ. ಹರಿವೆಯ ನೀರು ಕೆಂಪಾಗುತ್ತದೆ, ಇನ್ನೊಂದರ ಬಣ್ಣ ಬಹುಮಟ್ಟಿಗೆ ತುಂಡಿನಲ್ಲೇ ಉಳಿಯುತ್ತದೆ. ಮುರಮಣ್ಣಿನ ಕಬ್ಬಿಣದ ಧೂಳು ಇಲ್ಲಿ ಮೋಸ ಮಾಡುತ್ತದೆ: ತೊಳೆದ ನೀರು ತಿಳಿಯಾಗುವವರೆಗೂ ತೊಳೆಯದಿದ್ದರೆ ಎರಡೂ ಬಟ್ಟಲು ಕೆಂಪು. ಬರೆಯ ಮೇಲಿನ ಕಪ್ಪು ಹೊಪ್ಪಳೆಯನ್ನು ಕೆರೆದು ತರಬೇಡಿ. ಅದು ಹೆಚ್ಚಾಗಿ ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ; ಸಸ್ಯವೇ ಅಲ್ಲ. ಅದಕ್ಕೆ ಬಿಸಿಲು ತಡೆಯಲು ಸೈಟೋನೆಮಿನ್ ಎಂಬ ಬೇರೆ ಬಣ್ಣವಿದೆ, ಅದೂ ಕೋಶದ ಹೊರಗಿನ ಕವಚದಲ್ಲೇ.