ಹೊಳೆಯ ಮರಳಲ್ಲಿ ಬಂಗಾರ ಹುಡುಕುವ ಮುಂಚೆ

ಮಳೆಗಾಲ ಮುಗಿದು ಮಹದಾಯಿಯ ನೀರು ತಿಳಿಯಾಗುತ್ತಿದ್ದ ಹಾಗೆ ನನಗೆ ಫೋನ್ ಶುರು. ಗೋವಾದ ವಾಸ್ಕೋ, ಝುವಾರಿನಗರದ ನಮ್ಮ ಕನ್ನಡದ ಹುಡುಗರು. "ಸರ್, ಹೊಳ್ಯಾಗ ಮರಳು ಬಂಗಾರದಂಗ ಹೊಳೀತೈತ್ರಿ. ತೊಳದು ನೋಡ್ಲೇನ್ರಿ?" ಅಮೆರಿಕದ ವೀಡಿಯೊ ನೋಡಿ ಆನ್‌ಲೈನ್‌ನಲ್ಲಿ ಮರಳು ತೊಳೆಯುವ ತಟ್ಟೆ ತರಿಸಿಕೊಂಡವರೂ ಇದ್ದಾರೆ. ಗೋವಾದ ಗಣಿಗಳಲ್ಲಿ ಭೂವಿಜ್ಞಾನಿಯಾಗಿ ದುಡಿದ ನನ್ನ ಉತ್ತರ ಒಂದೇ: ವಿದ್ಯೆ ಕಲಿಯಿರಿ, ಹೊಳೆಗೆ ಮಾತ್ರ ಇಳಿಯಬೇಡಿ.

ಆಸೆಯಲ್ಲಿ ತಪ್ಪೇನಿಲ್ಲ. ಗೋವಾದ ಕಬ್ಬಿಣದ ಗುಡ್ಡಗಳು ನಮ್ಮ ಧಾರವಾಡದ ಹಳೇ ಬಂಡೆಸಾಲಿನ ಮುಂದುವರಿಕೆಯೇ. ಅದೇ ಸಾಲಿನ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದರು. ಈ ಕಥೆ ಅಜ್ಜನ ಬಾಯಲ್ಲಿ ಕೇಳಿದವರು ನಮ್ಮಲ್ಲಿ ಎಷ್ಟೋ ಜನ.

ಮರಳು ತೊಳೆಯುವ ವಿದ್ಯೆಯೆಲ್ಲ ನಿಂತಿರುವುದು ತೂಕದ ಮೇಲೆ. ನೀರಿಗಿಂತ ಬೆಣಚುಕಲ್ಲು 2.65 ಪಟ್ಟು ಭಾರ, ಕಪ್ಪು ಮರಳಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಸುಮಾರು 5 ಪಟ್ಟು, ಶುದ್ಧ ಬಂಗಾರ 19.3 ಪಟ್ಟು. ಹಾಗಾಗಿ ಪ್ರವಾಹದಲ್ಲಿ ಬಂದ ಬಂಗಾರ ನೀರಿನ ಸೆಳೆತ ತಗ್ಗಿದ ಕಡೆ ಕೂರುತ್ತದೆ: ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂದೆ, ತಳದ ಕಲ್ಲಿನ ಸೀಳಿನಲ್ಲಿ. ಹುಡುಗರು ತೋರಿಸುವುದು ಮಾತ್ರ ಮರಳಿನ ಮೇಲೆ ತೇಲಾಡುವ ಮಿನುಗು. ಅದು ಕಾಗೆಬಂಗಾರ, ಅಂದರೆ ಅಭ್ರಕ. ಬಿಸಿಲು ಮಳೆಗೆ ಸಿಕ್ಕ ಕಪ್ಪು ಅಭ್ರಕ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅಂಗೈಯಿಂದ ನೆರಳು ಮಾಡಿ ನೋಡಿ, ಹೊಳಪು ಮಾಯ. ಬಂಗಾರ ನೆರಳಲ್ಲೂ ಹಳದಿಯೇ. ಸೂಜಿಮೊನೆಯಿಂದ ಒತ್ತಿದರೆ ಅಭ್ರಕ ಪದರ ಬಿಡುತ್ತದೆ, ಬಂಗಾರದಂತೆ ಕಾಣುವ ಪೈರೈಟ್ ಎಂಬ ಖನಿಜ ಪುಡಿಯಾಗುತ್ತದೆ, ಬಂಗಾರ ಸುಮ್ನೆ ತಗ್ಗುತ್ತದೆ.

ನಿಜಕ್ಕೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅರ್ಧ ಮಿಲಿಮೀಟರ್ ಅಗಲ, ಅಷ್ಟೇ ಉದ್ದ, 0.1 ಮಿಲಿಮೀಟರ್ ದಪ್ಪದ ಚೂರಿನ ತೂಕ ಅರ್ಧ ಮಿಲಿಗ್ರಾಂ. ಒಂದು ಗ್ರಾಂ ಆಗಲು ಅಂಥವು ಸುಮಾರು 2000 ಬೇಕು.

ಕಾನೂನಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 1872ರ ಗಣಿ ಕಾನೂನಿನ ಪ್ರಕಾರ ಸರ್ಕಾರಿ ಜಾಗದಲ್ಲಿ ಸಾಮಾನ್ಯರೂ ಹಕ್ಕು ಸಾಧಿಸಬಹುದು. ನಮ್ಮಲ್ಲಿ ಹಾಗಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂಗಾರ ಹುಡುಕುವುದೂ ಅಪರಾಧವೇ, ತೆಗೆಯುವುದಂತೂ ಹೇಳುವುದೇ ಬೇಡ. 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಹವ್ಯಾಸಕ್ಕೆಂದು ಬೇರೆ ಪರವಾನಗಿ ಇಲ್ಲ. ಮಹದಾಯಿ, ಮೊಲೆಮ್ ಅಭಯಾರಣ್ಯದ ಒಳಗಾದರೆ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಪಾದರಸದ್ದು. "ಪುಡಿ ಬಂಗಾರ ಹಿಡಿಯಾಕ ಸ್ವಲ್ಪ ಪಾದರಸ ಹಾಕಿದ್ರ ಹೆಂಗ್ರಿ?" ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ಬಂಗಾರ ಬೇರೆ ಮಾಡಲು ಅದನ್ನು ಕಾಯಿಸಿದಾಗ ಏಳುವ ಆವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರಿನ ಜೊತೆ ಒಳಹೋಗಿ ಮಿದುಳು, ನರ, ಕಿಡ್ನಿ ಕೆಡಿಸುತ್ತದೆ. ಅಡುಗೆಮನೆಯಲ್ಲಿ ಕಾಯಿಸಿದರೆ ಮಕ್ಕಳೂ ಅದನ್ನೇ ಉಸಿರಾಡಬೇಕು. ಹೊಳೆಗೆ ಚೆಲ್ಲಿದ್ದನ್ನು ಕೆಸರಿನ ಬ್ಯಾಕ್ಟೀರಿಯಾ ಇನ್ನೂ ಕೆಟ್ಟ ವಿಷವಾಗಿ ಬದಲಿಸುತ್ತವೆ. ಅದು ಮೀನಿನ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಗೋವಾದಲ್ಲಿ ಮೀನಿಲ್ಲದ ಊಟ ಎಷ್ಟು ಮನೆಯಲ್ಲಿದೆ ಹೇಳಿ?

ತಟ್ಟೆ ತರಿಸಿದ್ದಾಗಿದೆ ಅಲ್ವಾ, ಮನೆಯ ಹಿಂದೆ ಟಬ್ಬಿನಲ್ಲೇ ಕಲಿಯಿರಿ. ಕಟ್ಟಡದ ಕೆಲಸಕ್ಕೆ ತಂದ ಮರಳು ಒಂದು ತಟ್ಟೆ ಸಾಕು. ಬಂಗಾರದ ಬದಲಿಗೆ, ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಚಪ್ಪಟೆ ಮಾಡಿ, ಅಕ್ಕಿನುಚ್ಚಿನಷ್ಟು ಸಣ್ಣಗೆ 20 ಚೂರು ಕತ್ತರಿಸಿ ಅದರಲ್ಲಿ ಹಾಕಿ. ಮೊದಲು ನೀರಲ್ಲಿ ಮುಳುಗಿಸಿ ಅಡ್ಡಡ್ಡ ಅಲ್ಲಾಡಿಸಿ, ಭಾರದ್ದು ತಳ ಸೇರಲಿ. ಆಮೇಲೆ ಮುಂದಕ್ಕೆ ತುಸು ವಾಲಿಸಿ, ಮೇಲಿನ ಮರಳನ್ನಷ್ಟೇ ನೀರಿಗೆ ಬಿಡಿ. ಕೊನೆಗೆ ಉಳಿದ ಕಪ್ಪು ಮರಳನ್ನು ಒಣಗಿಸಿ ಮ್ಯಾಗ್ನೆಟ್ ಆಡಿಸಿದರೆ ಮ್ಯಾಗ್ನೆಟೈಟ್ ಅಂಟಿಕೊಂಡು ಬರುತ್ತದೆ. ಸೀಸದ ಚೂರು ಎಣಿಸಿ. 20ಕ್ಕಿಂತ ಕಡಿಮೆ ಇದ್ದರೆ ತಟ್ಟೆಯನ್ನು ಬೇಗ ವಾಲಿಸಿದ್ದೀರಿ ಅಂತ ಅರ್ಥ. ಟಬ್ಬಿನ ತಳದಿಂದ ಉಳಿದವನ್ನೂ ಆರಿಸಿಕೊಳ್ಳಿ, ನೀರನ್ನು ಗಿಡಕ್ಕೆ ಹಾಕಬೇಡಿ, ಸೋಪು ಹಚ್ಚಿ ಕೈ ತೊಳೆಯಿರಿ.